ಕೇಳುವವರ ಅಳಲನ್ನು ಕೇಳುವವರಾರು?

ಜ್ವರ ಬಂದವನ ಕಂಕುಳಲ್ಲಿ ಉಷ್ಣಮಾಪಕವನ್ನಿಟ್ಟರೆ ಅದು ಅವನ ಊರು, ಉದ್ಯೋಗ, ಸಂಸಾರ ಯಾವುದನ್ನೂ ವಿಚಾರಿಸದೆ ತನ್ನ ಅಂಕಿಯನ್ನು ತೋರಿಸಿಬಿಡುತ್ತದೆ. ಮಲೇರಿಯದ ಗುಳಿಗೆಯೂ ಹಾಗೆಯೇ; ಜಹಗೀರುದಾರನ ಹೊಟ್ಟೆಯಲ್ಲಿ ಮಾಡುವ ಕೆಲಸವನ್ನೇ ಜೀತದಾಳಿನ ಹೊಟ್ಟೆಯಲ್ಲಿಯೂ ಮಾಡುತ್ತದೆ. ಮನಸ್ಸಿನ ಬೇನೆಗೆ ಈ ಅನುಕೂಲವಿಲ್ಲ. ಅಲ್ಲಿ ರೋಗಕ್ಕಿಂತ ಮೊದಲು ರೋಗಿಯ ಪರಿಚಯವಾಗಬೇಕು.

ಮೂವರು ಒಂದೇ ದಿನ ಒಬ್ಬ ಮನೋವೈದ್ಯರ ಬಾಗಿಲಿಗೆ ಬಂದರೆಂದು ಇಟ್ಟುಕೊಳ್ಳಿ. ಒಬ್ಬ, ನಲವತ್ತು ದಾಟಿದ ಬ್ಯಾಂಕು ನೌಕರ. ಎರಡನೆಯವಳು, ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದ ಇಪ್ಪತ್ತಮೂರರ ತಾಯಿ. ಮೂರನೆಯವರು, ನಿವೃತ್ತ ಶಾಲಾ ಮಾಸ್ತರು. ಮೂವರ ದೂರೂ ಒಂದೇ. ರಾತ್ರಿ ಕಣ್ಣಿಗೆ ನಿದ್ರೆ ಹತ್ತದು, ಎದೆ ಡವಗುಟ್ಟುವುದು, ಉಂಡದ್ದು ರುಚಿಸದು, ಯಾವ ಕೆಲಸಕ್ಕೂ ಕೈ ಏಳದು. ಹೊರಗಿನಿಂದ ನೋಡಿದರೆ ಒಂದೇ ಚೀಟಿ ಬರೆದು ಮೂವರ ಕೈಗೂ ಕೊಟ್ಟು ಕಳುಹಿಸಬಹುದು. ಆದರೆ ಅರ್ಧ ಗಂಟೆ ಕುಳಿತು ಕೇಳಿದ ಮೇಲೆ ತಿಳಿದುಬರುವುದೇನು? ಬ್ಯಾಂಕು ನೌಕರನ ಕಳವಳ ಆರಂಭವಾದುದು ಅವನು ಕುಳಿತಿದ್ದ ಬಸ್ಸು ಘಾಟಿಯಲ್ಲಿ ಉರುಳಿದ ದಿನದಿಂದ. ಅಂದಿನಿಂದ ಅವನು ಬಸ್ಸು ಹತ್ತಿಲ್ಲ. ತಾಯಿಗೆ ಹೆರಿಗೆಯ ನಂತರದ ಖಿನ್ನತೆ. ಅದರ ಜೊತೆಗೆ ಹೆಣ್ಣು ಹೆತ್ತಳೆಂಬ ಮನೆಯವರ ಮೌನ. ಮಾಸ್ತರರು ಹೆಂಡತಿಯನ್ನು ಕಳೆದುಕೊಂಡು ಎಂಟು ತಿಂಗಳಾಗಿದೆ. ಆಕೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಅವರಿಗೆ ದುಃಖವಾದೀತೆಂದು.

ಮೊದಲನೆಯವನಿಗೆ ಬೇಕಾದುದು ಬಸ್ಸಿನ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಅಭ್ಯಾಸ: ಒಂದು ವಾರ ನಿಲ್ದಾಣದಲ್ಲಿ ಸುಮ್ಮನೆ ನಿಂತು ಬರುವುದು, ಮುಂದಿನ ವಾರ ನಿಂತ ಬಸ್ಸಿನಲ್ಲಿ ಕುಳಿತು ಇಳಿಯುವುದು, ಅನಂತರ ಒಂದು ನಿಲ್ದಾಣದಷ್ಟು ದೂರ. ತಾಯಿಯ ವಿಷಯದಲ್ಲಿ ರಕ್ತ ಪರೀಕ್ಷೆ ಮಾಡಿ ಥೈರಾಯಿಡ್ ಗ್ರಂಥಿಯ ದೋಷವಿದೆಯೇ ಎಂದು ನೋಡಬೇಕು, ಅಗತ್ಯವಿದ್ದರೆ ಔಷಧ ಕೊಡಬೇಕು, ಗಂಡನನ್ನೂ ಅತ್ತೆಯನ್ನೂ ಕರೆಸಿ ಕೂರಿಸಿಕೊಂಡು ಮಾತನಾಡಬೇಕು. ಮಾಸ್ತರರಿಗೆ ಮಾತ್ರ ಯಾವ ಉಪಾಯವನ್ನೂ ಹೇಳಿಕೊಡಬೇಕಾಗಿಲ್ಲ. ನಲವತ್ತು ವರ್ಷದ ದಾಂಪತ್ಯದ ಕಥೆಯನ್ನು ಅವರು ಹೇಳುವಷ್ಟು ಕಾಲ ಕುಳಿತು ಕೇಳಿದರೆ ಚಿಕಿತ್ಸೆಯ ಮುಕ್ಕಾಲು ಪಾಲು ಮುಗಿದಂತೆ. ವ್ಯಕ್ತಿಯ ಅಳತೆಗೆ ಹೊಲಿದ ಮನೋಚಿಕಿತ್ಸೆಯೆಂದರೆ ಇದೇ. ಸಿದ್ಧ ಉಡುಪಿನ ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ.

ಹೊಲಿಯುವವನು ಯಾರು, ಅವನ ಬೆರಳು ಎಷ್ಟು ಸಲ ಸೂಜಿಯಿಂದ ಚುಚ್ಚಿಸಿಕೊಳ್ಳುತ್ತದೆ ಎಂಬುದನ್ನು ಮಾತ್ರ ಕೇಳುವವರು ಕಡಿಮೆ.

ವಿಯೆನ್ನಾದ ರೋಗಿ, ವಿಯೆನ್ನಾದ ವೈದ್ಯ

ಮಾತನ್ನೇ ಮದ್ದಾಗಿಸುವ ಈ ವಿದ್ಯೆಯ ಕಥೆಯನ್ನು ಹೇಳುವವರೆಲ್ಲರೂ 1880 ರ ವಿಯೆನ್ನಾ ನಗರದಿಂದ ಆರಂಭಿಸುತ್ತಾರೆ. ಬೆರ್ತಾ ಪಾಪೆನ್‌ಹೈಮ್ ಎಂಬ ಇಪ್ಪತ್ತೊಂದು ವರ್ಷದ ಯುವತಿ ಕಾಯಿಲೆ ಬಿದ್ದ ತಂದೆಯ ಶುಶ್ರೂಷೆಯಲ್ಲಿ ರಾತ್ರಿಗಳನ್ನು ಕಳೆಯುತ್ತಿದ್ದಳು. ಕ್ರಮೇಣ ಆಕೆಯನ್ನೇ ವಿಚಿತ್ರ ವ್ಯಾಧಿಯೊಂದು ಹಿಡಿಯಿತು. ಕೈಕಾಲು ಮರಗಟ್ಟಿದುವು; ಬಿಡದ ಕೆಮ್ಮು; ಹುಟ್ಟಿದಂದಿನಿಂದ ಆಡಿದ ಜರ್ಮನ್ ಭಾಷೆಯೇ ಮರೆತುಹೋಗಿ ಇಂಗ್ಲಿಷ್ ಮಾತ್ರ ಬಾಯಿಗೆ ಬರತೊಡಗಿತು. ಕಡುಬೇಸಗೆಯಲ್ಲಿ, ಬಾಯಾರಿ ಒಣಗುತ್ತಿದ್ದರೂ, ನೀರಿನ ಲೋಟವನ್ನು ತುಟಿಗೆ ತಾಗಿಸಲಾರದೆ ಹೋದಳು. ಹಣ್ಣುಗಳಿಂದಲೇ ಕೆಲವು ವಾರ ಕಳೆದಳು.

ಡಾಕ್ಟರ್ ಯೋಸೆಫ್ ಬ್ರಾಯರ್ ಪ್ರತಿದಿನವೂ ಬಂದು ಆಕೆಯ ಪಕ್ಕದಲ್ಲಿ ಕುಳಿತು, ಆಕೆ ಅರೆನಿದ್ರೆಯ ಸ್ಥಿತಿಯಲ್ಲಿ ಹೇಳುತ್ತಿದ್ದುದನ್ನು ಕೇಳುತ್ತಿದ್ದರು. ಒಂದು ದಿನ ಆಕೆ, ತನಗೆ ಸೇರದ ಸಂಗಾತಿಯೊಬ್ಬಳ ನಾಯಿ ಲೋಟದಿಂದ ನೀರು ಕುಡಿದುದನ್ನು ಕಂಡ ಪ್ರಸಂಗವನ್ನು ಅಸಹ್ಯದಿಂದ ಬಣ್ಣಿಸಿದಳು. ಅಂದು ಸಭ್ಯತೆಗಾಗಿ ನುಂಗಿಕೊಂಡ ಸಿಟ್ಟೆಲ್ಲ ಇಂದು ಹೊರಬಿತ್ತು. ಹೇಳಿ ಮುಗಿಸಿದವಳೇ ನೀರು ಕೇಳಿದಳು, ಲೋಟ ತುಂಬ ಕುಡಿದಳು. ಈ ವಿಧಾನಕ್ಕೆ ‘ಮಾತಿನ ಚಿಕಿತ್ಸೆ’ ಎಂಬ ಹೆಸರಿಟ್ಟವಳು ಆ ರೋಗಿಯೇ. ತಮಾಷೆಗೆ ‘ಹೊಗೆಗೂಡು ಗುಡಿಸುವುದು’ ಎನ್ನುತ್ತಿದ್ದಳು. ಬ್ರಾಯರ್ ಮತ್ತು ಅವರ ಕಿರಿಯ ಮಿತ್ರ ಸಿಗ್ಮಂಡ್ ಫ್ರಾಯ್ಡ್ 1895 ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಥೆ ‘ಅನ್ನಾ ಓ’ ಎಂಬ ಮಾರುಹೆಸರಿನಲ್ಲಿ ಬಂದು ಜಗತ್ಪ್ರಸಿದ್ಧವಾಯಿತು.

ಗ್ರಂಥದಲ್ಲಿ ಕಾಣುವಷ್ಟು ಸುಲಭವಾಗಿ ಕಥೆ ಮುಗಿಯಲಿಲ್ಲ. 1882 ರಲ್ಲಿ ಬೆರ್ತಾಳನ್ನು ಸ್ವಿಟ್ಸರ್ಲೆಂಡಿನ ಆರೋಗ್ಯಧಾಮವೊಂದಕ್ಕೆ ಸೇರಿಸಬೇಕಾಯಿತು. ಪೂರ್ಣ ಗುಣವಾಗಲು ಇನ್ನೂ ಕೆಲವು ವರ್ಷಗಳೇ ಹಿಡಿದುವು. ಆಮೇಲಿನ ಆಕೆಯ ಜೀವನ ಮಾತ್ರ ಯಾರಾದರೂ ತಲೆದೂಗುವಂಥದು. ಫ್ರಾಂಕ್‌ಫರ್ಟಿನಲ್ಲಿ ಅನಾಥ ಹೆಣ್ಣುಮಕ್ಕಳ ಆಶ್ರಮವನ್ನು ನಡೆಸಿದಳು. 1904 ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಸಂಘವನ್ನು ಸ್ಥಾಪಿಸಿದಳು. 1954 ರಲ್ಲಿ ಪಶ್ಚಿಮ ಜರ್ಮನಿ ಆಕೆಯ ಗೌರವಾರ್ಥ ಅಂಚೆಚೀಟಿಯನ್ನು ಹೊರಡಿಸಿತು. ಹುಚ್ಚಿಯೆಂದು ಮೂಲೆಗೆ ತಳ್ಳಲ್ಪಡಬಹುದಾಗಿದ್ದ ಹೆಣ್ಣು!

ಇನ್ನು ವೈದ್ಯರ ಗತಿ? ಬ್ರಾಯರ್ ಅವರು ಈ ಒಬ್ಬ ರೋಗಿಗಾಗಿ ನೂರಾರು ಗಂಟೆಗಳನ್ನು ವ್ಯಯಿಸಿದ್ದರು. ತಮ್ಮ ಉಳಿದ ರೋಗಿಗಳು, ಸಂಸಾರ, ಶಾಂತಿ ಎಲ್ಲವೂ ಅದರಡಿಯಲ್ಲಿ ಸಿಕ್ಕಿ ನಲುಗಿದುವು. ಇಪ್ಪತ್ತೈದು ವರ್ಷಗಳ ಅನಂತರ, 1907 ರಲ್ಲಿ ಸಹೋದ್ಯೋಗಿಯೊಬ್ಬರಿಗೆ ಬರೆದ ಪತ್ರದಲ್ಲಿ, ಇಂಥ ಅಗ್ನಿಪರೀಕ್ಷೆಗೆ ಇನ್ನೆಂದಿಗೂ ತಮ್ಮನ್ನು ಒಡ್ಡಿಕೊಳ್ಳಬಾರದೆಂದು ಅಂದೇ ನಿಶ್ಚಯಿಸಿದುದಾಗಿ ಅವರು ತಿಳಿಸಿದ್ದಾರೆ. ನಿಶ್ಚಯದಂತೆಯೇ ನಡೆದರು. ಮಾತಿನ ಚಿಕಿತ್ಸೆಯ ಪ್ರಥಮ ವೈದ್ಯ ಎರಡನೆಯ ಸಲ ಅದರ ತಂಟೆಗೆ ಹೋಗಲಿಲ್ಲ. ದಣಿದಾಗ ಯಾರಲ್ಲಿಗೆ ಹೋಗಬೇಕೆಂದು ಅವರಿಗೆ ತಿಳಿದಿರಲಿಲ್ಲ. ಹೋಗುವಂಥ ಸ್ಥಳವೂ ಆಗ ಇರಲಿಲ್ಲ.

ಯಾರಿಗೆ ಯಾವುದು?

ಆಮೇಲಿನ ಎಂಟು ದಶಕಗಳಲ್ಲಿ ಮಾತಿನ ಚಿಕಿತ್ಸೆ ಆಲದ ಮರದಂತೆ ಬಿಳಲುಗಳನ್ನು ಬಿಟ್ಟಿತು. ಫ್ರಾಯ್ಡರ ಪಂಥದವರು ಬಾಲ್ಯದ ನೆನಪುಗಳನ್ನು ಅಗೆದರು. ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ 1958 ರಲ್ಲಿ, ಭಯವನ್ನು ಸ್ವಲ್ಪಸ್ವಲ್ಪವಾಗಿ ಅಭ್ಯಾಸಮಾಡಿಸಿ ಅಳಿಸುವ ಕ್ರಮವನ್ನು ವಿವರಿಸಿದರು. ಅಮೆರಿಕದ ಏರನ್ ಬೆಕ್ ಅರುವತ್ತರ ದಶಕದಲ್ಲಿ, ಖಿನ್ನನಾದವನು ತನ್ನ ಬಗೆಗೆ ತಾನೇ ನೀಡುವ ಕಠೋರ ತೀರ್ಪುಗಳನ್ನು ಸಾಕ್ಷ್ಯದೊಡನೆ ಪರೀಕ್ಷಿಸುವಂತೆ ಕಲಿಸಿದರು. ಕಾರ್ಲ್ ರೋಜರ್ಸ್ ಅವರಾದರೋ ಉಪಾಯಗಳನ್ನೆಲ್ಲ ಬದಿಗಿಟ್ಟು, ಕೇಳುವವನ ಪ್ರಾಮಾಣಿಕತೆ, ತೀರ್ಪು ನೀಡದ ಆದರ, ಮತ್ತೊಬ್ಬನ ಒಳಗನ್ನು ಅರಿಯುವ ಶಕ್ತಿ, ಇವಿದ್ದರೆ ಸಾಕೆಂದು 1957 ರಲ್ಲಿ ವಾದಿಸಿದರು. ಒಂದೊಂದು ಪಂಥವೂ ತನ್ನದೇ ಸರಿಯೆಂದು ಸಾರಿದಾಗ, ಗಾರ್ಡನ್ ಪಾಲ್ ಎಂಬ ಮನಶ್ಶಾಸ್ತ್ರಜ್ಞರು 1967 ರಲ್ಲಿ ಪ್ರಶ್ನೆಯನ್ನೇ ಬದಲಾಯಿಸಿದರು. ಯಾವ ಚಿಕಿತ್ಸೆ ಶ್ರೇಷ್ಠವೆಂದು ಕೇಳಬೇಡಿ; ಈ ತೊಂದರೆಯಿರುವ ಈ ವ್ಯಕ್ತಿಗೆ, ಈ ಪರಿಸ್ಥಿತಿಯಲ್ಲಿ, ಯಾರು ನೀಡುವ ಯಾವ ಚಿಕಿತ್ಸೆ ಫಲಕಾರಿ ಎಂದು ಕೇಳಿ ಎಂಬುದು ಅವರ ಮಾತಿನ ತಾತ್ಪರ್ಯ. ಆ ಪ್ರಶ್ನೆಯಲ್ಲಿ ‘ಯಾರು ನೀಡುವ’ ಎಂಬ ಪದಗಳೂ ಇರುವುದನ್ನು ಗಮನಿಸಬೇಕು.

ಭಾರತದಲ್ಲಿ ಈ ವಿದ್ಯೆಯ ಅಂಗಡಿ ತೆರೆದವರು ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್. 1922 ರಲ್ಲಿ ಅವರು ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡರೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದರೂ ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಫ್ರಾಯ್ಡರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಕಲ್ಕತ್ತೆಯಿಂದ ಹೋದ ದಂತದ ವಿಷ್ಣುವಿನ ವಿಗ್ರಹ ಆ ನಿರೀಶ್ವರವಾದಿಯ ಬರೆಯುವ ಮೇಜಿನ ಮೇಲೆ ಸ್ಥಾನ ಪಡೆಯಿತು.

ಬೆಂಗಳೂರಿನ ಕಥೆ ಇನ್ನೂ ಹಳೆಯದು. 1847 ರಲ್ಲಿ ಇಲ್ಲಿ ಹುಚ್ಚಾಸ್ಪತ್ರೆ ಸ್ಥಾಪಿತವಾಯಿತು. 1925 ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆಯೆಂದು ಬದಲಾಯಿತು. ಹೆಸರು ಬದಲಾದರೆ ಏನಾಯಿತು ಎನ್ನುವವರಿರಬಹುದು. ‘ಹುಚ್ಚಾಸ್ಪತ್ರೆಗೆ ಹೋಗಿಬಂದವನು’ ಎಂಬ ಬಿರುದನ್ನು ಹೊತ್ತು ಮದುವೆಯ ಮಾತುಕತೆಗೆ ಕುಳಿತವರನ್ನು ಅವರು ಕೇಳಬೇಕು. 1954 ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರ ಪಕ್ಕದಲ್ಲಿಯೇ ಆರಂಭವಾಗಿ, ಮನೋವೈದ್ಯರನ್ನೂ ಮನಶ್ಶಾಸ್ತ್ರಜ್ಞರನ್ನೂ ತರಬೇತು ಮಾಡತೊಡಗಿತು. 1974 ರ ಡಿಸೆಂಬರಿನಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದುಗೂಡಿ ಇಂದು ಎಲ್ಲರಿಗೂ ಪರಿಚಿತವಾದ ನಿಮ್ಹಾನ್ಸ್ ಆಯಿತು.

ತರಬೇತು ಪಡೆದ ವೈದ್ಯರು ಪುಸ್ತಕವನ್ನು ಮುಚ್ಚಿ ರೋಗಿಯತ್ತ ನೋಡಿದಾಗ ಮೊದಲ ತೊಡಕು ಎದುರಾಯಿತು. ಪಶ್ಚಿಮದ ಗ್ರಂಥಗಳಲ್ಲಿ ಬರುವ ರೋಗಿ ಒಂಟಿಯಾಗಿ ಬಂದು, ನಿಗದಿಯಾದ ಐವತ್ತು ನಿಮಿಷ ತನ್ನ ಅಂತರಂಗವನ್ನು ತಾನೇ ಶೋಧಿಸಿ, ಶುಲ್ಕವನ್ನು ಕೊಟ್ಟು ಹೋಗುತ್ತಾನೆ. ಇಲ್ಲಿಯ ರೋಗಿ ಅಣ್ಣ, ಅತ್ತಿಗೆ, ಸೋದರಮಾವಂದಿರೊಡನೆ ಬರುತ್ತಾನೆ. ‘ತಮ್ಮ ಪಾದಕ್ಕೆ ಹಾಕಿದ್ದೇನೆ, ದಾರಿ ತೋರಿಸಿ’ ಎನ್ನುತ್ತಾನೆ. ಇದೇ ಸಂಸ್ಥೆಯ ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಂ 1964 ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವ್ಯತ್ಯಾಸವನ್ನು ಮುಚ್ಚುಮರೆಯಿಲ್ಲದೆ ವಿವೇಚಿಸಿದರು. ಭಾರತೀಯ ರೋಗಿ ಮನಸ್ಸಿನ ಆಳದ ಕಾರಣಗಳಿಗಿಂತ ಪ್ರತ್ಯಕ್ಷವಾದ ಬೆಂಬಲವನ್ನು ಬಯಸುತ್ತಾನೆ, ವೈದ್ಯನನ್ನು ಕುಟುಂಬದ ಹಿರಿಯನ ಸ್ಥಾನದಲ್ಲಿರಿಸಿ ಕಾಣುತ್ತಾನೆ ಎಂಬುದು ಅವರ ಅನುಭವ. ಜೆ. ಎಸ್. ನೇಕಿ 1973 ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಗುರು-ಶಿಷ್ಯ ಸಂಬಂಧವೇ ಇಲ್ಲಿಯ ಮನೋಚಿಕಿತ್ಸೆಗೆ ಮಾದರಿಯಾಗಬಲ್ಲುದೆಂದು ಸೂಚಿಸಿದರು. ಹಿರಿಯನಾಗುವುದರಲ್ಲಿ ಅಪಾಯವೂ ಇಲ್ಲದಿಲ್ಲ. ಮಗಳು ಒಲ್ಲದ ಮದುವೆಯ ವಿಷಯದಲ್ಲಿ ವೈದ್ಯನು ಅಪ್ಪನ ಪಕ್ಷ ಹಿಡಿದು ಬುದ್ಧಿವಾದ ಹೇಳಿದರೆ ಅದು ಚಿಕಿತ್ಸೆಯಲ್ಲ, ಪಂಚಾಯಿತಿ.

ಕುಟುಂಬವನ್ನೇ ಚಿಕಿತ್ಸೆಯೊಳಕ್ಕೆ ತಂದ ಕೀರ್ತಿ ಅಮೃತಸರದ ಡಾ. ವಿದ್ಯಾಸಾಗರರದು. ಐವತ್ತರ ದಶಕದಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆ ರೋಗಿಗಳಿಂದ ಕಿಕ್ಕಿರಿದಿತ್ತು. ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಮನೆಯವರನ್ನು ರೋಗಿಯ ಜೊತೆಯಲ್ಲಿಯೇ ಇರಿಸಿದರು. ಮಗನ ಕೂಗಾಟವನ್ನು ದೆವ್ವದ ಕಾಟವೆಂದು ನಂಬಿದ್ದ ತಾಯಿ, ಪಕ್ಕದ ಡೇರೆಯ ಹುಡುಗ ಅದೇ ಬೇನೆಯಿಂದ ಗುಣಮುಖನಾಗುವುದನ್ನು ಕಣ್ಣಾರೆ ಕಂಡಳು. ರೋಗಿಗಳು ಬೇಗ ಚೇತರಿಸಿಕೊಂಡರು, ಮನೆಗೆ ಹಿಂದಿರುಗಿದರು. ವೆಲ್ಲೂರು, ಬೆಂಗಳೂರುಗಳಲ್ಲಿಯೂ ಮುಂದೆ ಕುಟುಂಬದವರ ವಾರ್ಡುಗಳು ಬಂದುವು.

ಎರಡನೆಯ ತೊಡಕು ಭಾಷೆಯದು. ‘ಡಿಪ್ರೆಶನ್’ ಎಂಬ ಶಬ್ದವನ್ನು ಹಿಡಿದುಕೊಂಡು ಮಂಡ್ಯದ ಕಡೆಯ ಹಳ್ಳಿಗೆ ಹೋದವನಿಗೆ ಒಬ್ಬ ರೋಗಿಯೂ ಸಿಗಲಾರ. ‘ಮೈಯೆಲ್ಲ ಭಾರ’, ‘ತಲೆ ಧಿಮ್ಮೆನ್ನುತ್ತೆ’, ‘ಹೊಟ್ಟೇಲಿ ಸಂಕಟ’, ‘ಯೋಚನೆ ಹತ್ತಿಕೊಂಡುಬಿಟ್ಟಿದೆ’, ‘ಯಾಕೋ ಜೀವಾನೇ ಬೇಜಾರು’ ಎನ್ನುವವರು ಮಾತ್ರ ಮನೆಮನೆಯಲ್ಲಿಯೂ ಇದ್ದಾರೆ. ಕಡೆಯ ವಾಕ್ಯವನ್ನು ಲೋಕಾಭಿರಾಮದ ಮಾತೆಂದು ತಳ್ಳಿಹಾಕದೆ ಅಲ್ಲಿಯೇ ನಿಂತು ಕೇಳುವ ಸೂಕ್ಷ್ಮತೆ ಬೇಕಾದರೆ ಕೇಳುವವನಿಗೂ ಅದೇ ಕನ್ನಡ ಬರಬೇಕು. ಈ ದಿಸೆಯಲ್ಲಿ ಕನ್ನಡ ಓದುಗರು ಪುಣ್ಯವಂತರೆಂದೇ ಹೇಳಬೇಕು. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರೇ ಮನಸ್ಸಿನ ಕಥೆಯನ್ನು ‘ಮನಮಂಥನ’ದಲ್ಲಿ ಬರೆದು 1976 ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದರು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳಿಂದಲೇ ತಮ್ಮ ಬೇನೆಗೊಂದು ಹೆಸರಿದೆಯೆಂದು ಮೊದಲ ಬಾರಿಗೆ ತಿಳಿದುಕೊಂಡ ಕನ್ನಡಿಗರು ಅಸಂಖ್ಯಾತ.

ವೈದ್ಯರಲ್ಲಿಗೆ ಬರುವ ಮೊದಲು ಗಾಣಗಾಪುರಕ್ಕೋ ಇನ್ನಾವುದೋ ಕ್ಷೇತ್ರಕ್ಕೋ ಹೋಗಿ ಬಂದವರೇ ಹೆಚ್ಚು. ಇದನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ಸುಲಭ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಹಾಗೆ ಮಾಡದೆ, ತಮಿಳುನಾಡಿನ ಒಂದು ಹಳ್ಳಿಯ ದೇವಸ್ಥಾನಕ್ಕೆ ಹೋಗಿ ನೋಡಿದರು. ತೀವ್ರ ಮಾನಸಿಕ ರೋಗದಿಂದ ನರಳುತ್ತಿದ್ದ 31 ಮಂದಿ ಅಲ್ಲಿ ಕೆಲವು ವಾರ ತಂಗಿದ್ದರು. ಮನೆಯವರ ಜೊತೆಯಲ್ಲಿ ವಾಸ, ಗುಡಿಯ ಸಣ್ಣಪುಟ್ಟ ಕೆಲಸ, ಪೂಜೆ. ರೋಗಲಕ್ಷಣಗಳ ಅಳತೆ ಸುಮಾರು ಶೇಕಡಾ 20 ರಷ್ಟು ಇಳಿಯಿತೆಂದು 2002 ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಔಷಧವನ್ನು ಬಿಸಾಡಿ ಗುಡಿಗೆ ಹೋಗಿ ಎಂದು ಇದರ ಅರ್ಥವಲ್ಲ. ರೋಗಿಯನ್ನು ಮನುಷ್ಯನಂತೆ ಕಾಣುವ ಒಂದು ಜಾಗ, ಪಕ್ಕದಲ್ಲಿ ತನ್ನವರು, ಕೈಗೊಂದು ಕೆಲಸ, ಇವುಗಳ ಬೆಲೆ ಎಷ್ಟೆಂಬುದಕ್ಕೆ ಅಲ್ಲೊಂದು ಅಂಕಿ ಸಿಕ್ಕಿತು.

ಕೈಗಳು ಕಡಿಮೆ

ಅಳತೆಗೆ ಹೊಲಿಯುವುದು ಸರಿ, ದರ್ಜಿಗಳೆಷ್ಟು ಮಂದಿ? 2015-16 ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಖಿನ್ನತೆ, ಕಳವಳಗಳಂಥ ಸಾಮಾನ್ಯ ಬೇನೆಯುಳ್ಳವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಯಾವ ಚಿಕಿತ್ಸೆಯೂ ದೊರೆತಿರಲಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ.

ಈ ಕಗ್ಗಂಟಿಗೆ ಗೋವೆಯಲ್ಲಿ ಒಂದು ದಾರಿ ಕಾಣಿಸಿತು. ವಿಕ್ರಮ್ ಪಟೇಲ್ ಮೊದಲಾದವರು 1996 ರಲ್ಲಿ ಸ್ಥಾಪಿಸಿದ ‘ಸಂಗಾತ್’ ಸಂಸ್ಥೆ, ಮನಶ್ಶಾಸ್ತ್ರದ ಯಾವ ಪದವಿಯೂ ಇಲ್ಲದ ಸಾಮಾನ್ಯ ಜನರನ್ನು ಆರಿಸಿ, ಕೆಲವೇ ವಾರ ತರಬೇತು ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿತು. ಖಿನ್ನತೆಯಿಂದ ಬಳಲುವವನನ್ನು ಅವರು ಆರೆಂಟು ಬಾರಿ ಕಂಡು, ಅವನು ಬಿಟ್ಟುಬಿಟ್ಟಿದ್ದ ಕೆಲಸಗಳಿಗೆ, ಭಜನೆಗೋ ಮೀನು ಹಿಡಿಯಲಿಕ್ಕೋ ನೆರೆಮನೆಯ ಹರಟೆಗೋ, ಅವನನ್ನು ಹಿಂದಕ್ಕೆ ಕರೆತರಬೇಕು. ಯಾವ ಕೆಲಸವೆಂಬುದು ಆಯಾ ವ್ಯಕ್ತಿಯನ್ನು ಅವಲಂಬಿಸಿರುತ್ತದೆ. 2017 ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಈ ಸಹಾಯ ಪಡೆದವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲು ಆರೈಕೆ ಪಡೆದವರಲ್ಲಿ 39 ಮಂದಿ.

ಆಫ್ರಿಕದ ಜಿಂಬಾಬ್ವೆಯಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ಇನ್ನೂ ಸರಳವಾದ ಉಪಾಯ ಹೂಡಿದರು. 2006 ರಲ್ಲಿ ಹರಾರೆಯಲ್ಲಿ ಹದಿನಾಲ್ಕು ಮಂದಿ ಅಜ್ಜಿಯರನ್ನು ಕಲೆಹಾಕಿ, ಚಿಕಿತ್ಸಾಲಯದ ಹೊರಗೆ ಮರದಡಿಯಲ್ಲಿ ಬೆಂಚು ಹಾಕಿ ಕೂರಿಸಿದರು. ಅಲ್ಲಿಯ ಶೋನಾ ಭಾಷೆಯಲ್ಲಿಯೂ ಈ ಬೇನೆಗೆ ‘ವಿಪರೀತ ಯೋಚನೆ’ ಎಂಬ ಅರ್ಥದ ಶಬ್ದವಿದೆಯಂತೆ! ಮಂಡ್ಯಕ್ಕೂ ಹರಾರೆಗೂ ಅಷ್ಟೇನೂ ದೂರವಿಲ್ಲ.

ಗೋವೆಯ ಪ್ರಯೋಗದಲ್ಲಿ ಹೆಚ್ಚು ಮಂದಿ ಗಮನಿಸದ ಅಂಶವೊಂದುಂಟು. ಆ ಸಲಹೆಗಾರರು ತಮ್ಮ ಸಂದರ್ಶನಗಳನ್ನು ಧ್ವನಿಮುದ್ರಿಸಿಕೊಂಡು, ಜೊತೆಗಾರರು ಒಟ್ಟಿಗೆ ಕುಳಿತು ಕೇಳಿ, ಎಲ್ಲಿ ಅವಸರವಾಯಿತು, ಎಲ್ಲಿ ಕೇಳಿಸಿಕೊಳ್ಳಬೇಕಾಗಿದ್ದ ಮಾತು ತಪ್ಪಿಹೋಯಿತು ಎಂದು ಪರಸ್ಪರ ಹೇಳಿಕೊಳ್ಳುತ್ತಿದ್ದರು. ಒಬ್ಬರಿಗೆ ಹೇಳಿದ ದುಃಖದ ಭಾರ ಹಲವರ ಮೇಲೆ ಹಂಚಿಹೋಗುತ್ತಿತ್ತು. ಬ್ರಾಯರ್ ಅವರಿಗೆ ದೊರೆಯದಿದ್ದುದು ಇದೇ.

ಕೇಳುವವರ ಪಾಡು

ದಿನಕ್ಕೆ ಆರು ಮಂದಿಯ ಅಳಲನ್ನು ಕೇಳುವವನ ಸಂಜೆಯನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಮಗುವನ್ನು ಕಳೆದುಕೊಂಡ ತಂದೆ. ಮಧ್ಯಾಹ್ನ ಸಾಯುವ ಮಾತನ್ನಾಡಿದ ಕಾಲೇಜು ಹುಡುಗಿ. ಕಡೆಯಲ್ಲಿ ಹೆಂಡತಿಯನ್ನು ಹೊಡೆದುದನ್ನು ನಿರ್ವಿಕಾರವಾಗಿ ವರ್ಣಿಸಿದ ಸಭ್ಯಸ್ಥ. ಮನೆಗೆ ಹೋದರೆ ‘ಈ ದಿನ ಏನು ವಿಶೇಷ?’ ಎಂದು ಹೆಂಡತಿ ಕೇಳುತ್ತಾಳೆ. ‘ಏನೂ ಇಲ್ಲ’ ಎನ್ನಬೇಕು. ಗಾರೆ ಕೆಲಸದವನಾದರೂ ತನ್ನ ಬೆನ್ನುನೋವನ್ನು ಮನೆಯಲ್ಲಿ ಹೇಳಿಕೊಳ್ಳಬಹುದು, ಈತ ಹೇಳಿಕೊಳ್ಳುವಂತಿಲ್ಲ. ರೋಗಿಯ ಗುಟ್ಟು ರೋಗಿಯದು. ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಾದರೆ ಆರಲ್ಲ, ಹತ್ತಾರು ಮಂದಿ. ಒಬ್ಬೊಬ್ಬರಿಗೆ ಕೆಲವೇ ನಿಮಿಷ. ಕೇಳಬೇಕಾದುದನ್ನು ಕೇಳಲಾಗಲಿಲ್ಲವೆಂಬ ಕೊರಗು ಅದಕ್ಕೆ ಮೇಲುಕಾಣಿಕೆ.

ಈ ಪಾಡನ್ನು ಫ್ರಾಯ್ಡರ ಶಿಷ್ಯವರ್ಗ ಸಾಕಷ್ಟು ಮೊದಲೇ ಕಂಡುಕೊಂಡಿತ್ತು. 1920 ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಚಿಕಿತ್ಸಾಲಯದಲ್ಲಿ, ಕಲಿಯುವವನು ತಾನೂ ರೋಗಿಯ ಸ್ಥಾನದಲ್ಲಿ ಮಲಗಿ ವಿಶ್ಲೇಷಣೆಗೆ ಒಳಗಾಗಬೇಕು, ಮೊದಲ ರೋಗಿಗಳನ್ನು ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ನೋಡಬೇಕು ಎಂಬ ಕಟ್ಟುಪಾಡು ರೂಪುಗೊಂಡಿತು. ಫ್ರಾಯ್ಡ್ ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ, 1937 ರಲ್ಲಿ, ಪ್ರತಿಯೊಬ್ಬ ವಿಶ್ಲೇಷಕನೂ ಐದು ವರ್ಷಕ್ಕೊಮ್ಮೆಯಾದರೂ, ನಾಚಿಕೊಳ್ಳದೆ, ಮತ್ತೆ ತಾನೇ ವಿಶ್ಲೇಷಣೆಗೆ ಹೋಗುವುದು ಲೇಸೆಂದು ಬರೆದರು. ಇಂಗ್ಲೆಂಡಿನ ಡೊನಾಲ್ಡ್ ವಿನಿಕಾಟ್ ಅವರದು ಇನ್ನೂ ದಿಟ್ಟವಾದ ಮಾತು. ವೈದ್ಯನಿಗೆ ಕೆಲವೊಮ್ಮೆ ತನ್ನ ರೋಗಿಯ ಮೇಲೆ ದ್ವೇಷವೇ ಹುಟ್ಟುತ್ತದೆ. ಅದನ್ನು ತನ್ನಷ್ಟಕ್ಕೆ ಒಪ್ಪಿಕೊಳ್ಳದಿದ್ದರೆ ಅದು ಬೇರೊಂದು ವೇಷದಲ್ಲಿ ಬಂದು ರೋಗಿಯನ್ನು ಕಚ್ಚುತ್ತದೆ ಎಂದು 1949 ರ ಲೇಖನದಲ್ಲಿ ಅವರು ಸಾರಿದರು. ಕರುಣಾಮಯಿಯೆಂಬ ಕೀರ್ತಿಯ ಹಂಗಿನಲ್ಲಿರುವವರಿಗೆ ಈ ಮಾತು ಇಂದಿಗೂ ಕಹಿಯೇ.

ಎಲ್ಲಕ್ಕಿಂತ ಸೊಗಸಾದ ವ್ಯವಸ್ಥೆಯನ್ನು ಕಂಡುಹಿಡಿದವರು ಮೈಕೇಲ್ ಬಾಲಿಂಟ್. ಹಂಗೇರಿಯಿಂದ ಇಂಗ್ಲೆಂಡಿಗೆ ವಲಸೆ ಬಂದ ಈ ವೈದ್ಯರು 1950 ರ ವೇಳೆಗೆ ಲಂಡನ್ನಿನ ಟಾವಿಸ್ಟಾಕ್ ಚಿಕಿತ್ಸಾಲಯದಲ್ಲಿ ಸಾಮಾನ್ಯ ವೈದ್ಯರ ಸಣ್ಣದೊಂದು ಗುಂಪನ್ನು ವಾರಕ್ಕೊಮ್ಮೆ ಸೇರಿಸತೊಡಗಿದರು. ಉಪನ್ಯಾಸವಿಲ್ಲ. ಯಾರಾದರೊಬ್ಬರು, ಟಿಪ್ಪಣಿ ನೋಡದೆ, ತಮ್ಮನ್ನು ಕಾಡುತ್ತಿರುವ ಒಬ್ಬ ರೋಗಿಯ ವಿಷಯವನ್ನು ಹೇಳಬೇಕು. ವಾರವಾರವೂ ಹೊಸ ನೋವು ಹಿಡಿದು ಬರುವ ಹೆಂಗಸು ಬಾಗಿಲಲ್ಲಿ ಕಾಣಿಸಿದೊಡನೆ ತನಗೇಕೆ ಮೈ ಉರಿಯುತ್ತದೆ? ಅದನ್ನು ಹೇಳಬೇಕು. ಮಿಕ್ಕವರು ರೋಗದ ಹೆಸರನ್ನಲ್ಲ, ಆ ಇಬ್ಬರ ನಡುವೆ ನಡೆಯುತ್ತಿರುವುದನ್ನು ಚರ್ಚಿಸುವರು. ವೈದ್ಯನು ಬರೆದುಕೊಡುವ ಮದ್ದುಗಳಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವುದು ವೈದ್ಯನೇ. ಆದರೆ ಆ ಮದ್ದಿನ ಪ್ರಮಾಣವೆಷ್ಟು, ದುಷ್ಪರಿಣಾಮವೇನು ಎಂಬುದನ್ನು ಯಾವ ಪುಸ್ತಕವೂ ತಿಳಿಸುವುದಿಲ್ಲವೆಂಬುದು 1957 ರಲ್ಲಿ ಪ್ರಕಟವಾದ ಬಾಲಿಂಟರ ಗ್ರಂಥದ ಹುರುಳು. ಅವರ ಹೆಸರಿನ ಗುಂಪುಗಳು ಇಂದು ಹಲವು ದೇಶಗಳಲ್ಲಿ ನಡೆಯುತ್ತಿವೆ.

ಇಂಥ ಆಸರೆಯಿಲ್ಲದೆ ದುಡಿದವರಿಗೆ ಏನಾಗುವುದೆಂಬುದಕ್ಕೆ ಹೆಸರು ಕೊಟ್ಟವರು ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಹಗಲೆಲ್ಲ ಸ್ವಂತ ವೃತ್ತಿ, ಸಂಜೆಯಿಂದ ನಡುರಾತ್ರಿಯವರೆಗೆ ಬಡವರ ಉಚಿತ ಚಿಕಿತ್ಸಾಲಯ. ಅಲ್ಲಿಯ ಸ್ವಯಂಸೇವಕರು, ತಾವೂ ಸೇರಿದಂತೆ, ಎಣ್ಣೆ ತೀರಿದ ದೀಪದಂತಾಗುವುದನ್ನು ಕಂಡು 1974 ರಲ್ಲಿ ಅವರು ಅದನ್ನು ‘ಉರಿದುಹೋಗುವುದು’ ಎಂದು ಕರೆದರು. ಮೊದಲು ನಿದ್ರೆ ಕೆಡುತ್ತದೆ, ಆಮೇಲೆ ಸಿಡುಕು, ಕಡೆಗೆ ಎದುರಿಗೆ ಕುಳಿತವನು ಮನುಷ್ಯನಾಗಿ ಕಾಣದೆ ಕಡತವಾಗಿ ಕಾಣತೊಡಗುತ್ತಾನೆ. ಅಲ್ಲಿಗೆ, ವ್ಯಕ್ತಿಯ ಅಳತೆಯ ಚಿಕಿತ್ಸೆಯೆಂಬ ಮಾತೂ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಯೆನ್ನದೆ, ದುಡಿಮೆಯ ಪರಿಸ್ಥಿತಿಯಿಂದ ಹುಟ್ಟುವ ಸ್ಥಿತಿಯೆಂದು ತನ್ನ ಪಟ್ಟಿಯಲ್ಲಿ ಗುರುತಿಸಿದೆ. ನಾಲ್ಕು ದಿನ ರಜೆ ಹಾಕಿ ಊಟಿಗೆ ಹೋಗಿಬಂದರೆ ಇದು ವಾಸಿಯಾಗದಿರುವುದು ಅದಕ್ಕೇ; ಹಿಂದಿರುಗುವುದು ಅದೇ ಕುರ್ಚಿಗೆ ತಾನೆ?

ಭಾರತದ ದೊಡ್ಡ ಶಿಕ್ಷಣ ಕೇಂದ್ರಗಳಲ್ಲಿ ತರಬೇತಿಯ ಅವಧಿಯುದ್ದಕ್ಕೂ ಹಿರಿಯರ ಮೇಲ್ವಿಚಾರಣೆಯಿರುತ್ತದೆ. ಪದವಿ ಕೈಗೆ ಬಂದು ಬಳ್ಳಾರಿಯಲ್ಲಿಯೋ ಶಿರಸಿಯಲ್ಲಿಯೋ ಒಬ್ಬರೇ ಬೋರ್ಡು ಹಾಕಿಕೊಂಡು ಕುಳಿತ ಮೇಲೆ? ತನ್ನ ರೋಗಿಯೊಬ್ಬ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಬೆಳಗಿನ ಪತ್ರಿಕೆಯಲ್ಲಿ ಕಂಡ ದಿನ ಆ ವೈದ್ಯ ಯಾರಿಗೆ ಫೋನು ಮಾಡಬೇಕು? ಮನೋವೈದ್ಯನೇ ಮನೋವೈದ್ಯನಲ್ಲಿಗೆ ಹೋದನೆಂದರೆ ಊರಿಗೆ ನಗೆಪಾಟಲು ಎಂಬ ಅಂಜಿಕೆ ಬೇರೆ. ಹಲ್ಲಿನ ವೈದ್ಯರ ಹಲ್ಲುನೋವಿಗೆ ಯಾರೂ ನಗುವುದಿಲ್ಲ. ಇತ್ತೀಚೆಗೆ ತರುಣ ಚಿಕಿತ್ಸಕರು ಫೋನಿನ, ವಿಡಿಯೊದ ಮೂಲಕ ತಮ್ಮತಮ್ಮಲ್ಲಿಯೇ ಸಣ್ಣ ಗುಂಪುಗಳನ್ನು ಕಟ್ಟಿಕೊಂಡು, ಹೆಸರು ಗುರುತು ಮರೆಸಿ, ತಮ್ಮ ಕಠಿಣ ಪ್ರಸಂಗಗಳನ್ನು ಚರ್ಚಿಸುತ್ತಿರುವುದು ನೆಮ್ಮದಿಯ ವಿಷಯ. ಮೇಲ್ವಿಚಾರಣೆಗಾಗಿ ಶುಲ್ಕ ಕೊಟ್ಟು ಹಿರಿಯರನ್ನು ಗೊತ್ತುಮಾಡಿಕೊಳ್ಳುವ ಪದ್ಧತಿಯೂ ನಗರಗಳಲ್ಲಿ ಬೆಳೆಯುತ್ತಿದೆ.

ಯಂತ್ರವೇ ಕೇಳಲಿ, ಅದಕ್ಕೆ ದಣಿವಿಲ್ಲವಲ್ಲ ಎನ್ನುವವರೂ ಈಗ ಇದ್ದಾರೆ. ಹೊಸ ಮಾತೇನೂ ಅಲ್ಲ. 1966 ರಲ್ಲಿಯೇ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಕಂಪ್ಯೂಟರ್ ಕ್ರಮವಿಧಿಯನ್ನು ರಚಿಸಿದ್ದರು. ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಬಂಡವಾಳ. ಅದರ ಗುಟ್ಟನ್ನು ಬಲ್ಲ ಅವರ ಕಾರ್ಯದರ್ಶಿನಿಯೇ ಅದರೊಡನೆ ನಾಲ್ಕು ಮಾತಾಡಿದ ಮೇಲೆ, ದಯವಿಟ್ಟು ಕೊಠಡಿಯಿಂದ ಹೊರಗಿರಿ ಎಂದು ಅವರನ್ನು ಕೇಳಿಕೊಂಡಳಂತೆ. ವೈಜೆನ್‌ಬಾಮ್ ಬೆಚ್ಚಿಬಿದ್ದು, ಉಳಿದ ಆಯುಷ್ಯವನ್ನು ಯಂತ್ರದ ಮಿತಿಯನ್ನು ಸಾರುವುದರಲ್ಲಿಯೇ ಕಳೆದರು. ಇಂದಿನ ಯಂತ್ರಗಳು ಎಲೈಜಾಗಿಂತ ಎಷ್ಟೋ ಪಾಲು ಜಾಣ; ನಡುರಾತ್ರಿ ಯಾರೂ ಇಲ್ಲದವನಿಗೆ ಅವುಗಳಿಂದ ಸ್ವಲ್ಪ ಸಮಾಧಾನ ದೊರೆತರೆ ಆಕ್ಷೇಪಿಸಬೇಕಾದುದಿಲ್ಲ. ಸಾಯುವ ಮಾತನ್ನಾಡಿದವನ ಮನೆಯ ಬಾಗಿಲಿಗೆ ಬಂದು ನಿಲ್ಲಲು ಮಾತ್ರ ಅವಕ್ಕೆ ಕಾಲುಗಳಿಲ್ಲ.

ಚಿಕಿತ್ಸೆಗೆ ಹೋಗಲು ಹಿಂಜರಿಯುವವರು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. 2018 ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017 ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಮೇರೆಗೆ, ಚಿಕಿತ್ಸೆಯ ವಿವರಗಳು ಗೋಪ್ಯವಾಗಿರಬೇಕು. ಯಾರಿಗಾದರೂ ಅಪಾಯವಾಗುವ ಸಂಭವದಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವ ಸೌಲಭ್ಯವನ್ನು ಮನಸ್ಸಿನ ಕಾಯಿಲೆಗೂ ಕೊಡಬೇಕು. ಆತ್ಮಹತ್ಯೆಗೆ ಯತ್ನಿಸಿ ಉಳಿದವನನ್ನು ತೀವ್ರ ಒತ್ತಡಕ್ಕೆ ಸಿಲುಕಿದವನೆಂದು ಭಾವಿಸಿ ಆರೈಕೆ ಮಾಡಬೇಕೇ ಹೊರತು ದಂಡಿಸುವಂತಿಲ್ಲ. ಅಂಥವನನ್ನು ಅಪರಾಧಿಯೆಂದು ಪರಿಗಣಿಸುತ್ತಿದ್ದ ಹಳೆಯ ದಂಡಸಂಹಿತೆಯ 309 ನೆಯ ಕಲಮು, 2024 ರ ಜುಲೈಯಲ್ಲಿ ಹೊಸ ಸಂಹಿತೆ ಬಂದಾಗ ಕೈಬಿಟ್ಟುಹೋಯಿತು. ಮೊದಲ ಭೇಟಿಯಲ್ಲಿ ಚಿಕಿತ್ಸಕರ ವಿದ್ಯಾರ್ಹತೆಯನ್ನೂ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿಯೋ ವೈದ್ಯಕೀಯ ಮಂಡಳಿಯಲ್ಲಿಯೋ ನೋಂದಣಿಯಿದೆಯೇ ಎಂಬುದನ್ನೂ ವಿಚಾರಿಸುವುದು ಅವಿನಯವಲ್ಲ. ‘ತಾವು ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತೀರಿ?’ ಎಂದು ಕೇಳುವುದೂ ಅಲ್ಲ. ಒಳ್ಳೆಯ ಚಿಕಿತ್ಸಕರು ಆ ಪ್ರಶ್ನೆಯಿಂದ ಸಂತೋಷಪಡುತ್ತಾರೆ. ನಾಲ್ಕಾರು ಭೇಟಿಗಳ ಅನಂತರವೂ ಮಾತು ಕೂಡಿಬರದಿದ್ದರೆ ಅದನ್ನು ಅವರಿಗೇ ಹೇಳಬಹುದು, ಬೇರೊಬ್ಬರ ಹೆಸರನ್ನು ಅವರಿಂದಲೇ ಕೇಳಬಹುದು.

ಹಣವಿಲ್ಲದವರಿಗೆ, ದೂರದ ಊರಿನವರಿಗೆ, ಮುಖ ತೋರಿಸಲು ಸಂಕೋಚಪಡುವವರಿಗೆ 14416 ಎಂಬ ಫೋನು ಸಂಖ್ಯೆಯಿದೆ. ಕೇಂದ್ರ ಸರಕಾರ 2022 ರ ಅಕ್ಟೋಬರ್ 10 ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯಿದು. ಇದರ ಮೇಲುಸ್ತುವಾರಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಸೇರಿದೆ. ಕರೆಗೆ ಹಣವಿಲ್ಲ, ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಫೋನು ಎತ್ತಿಕೊಳ್ಳುವವರು ತರಬೇತಾದ ಸಲಹೆಗಾರರು; ಅವರಿಗೆ ಮೀರಿದ ತೊಂದರೆಯಾದರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಮಾತು ಮುಗಿದು ಅತ್ತಣವರು ಫೋನು ಇಟ್ಟೊಡನೆ ಇತ್ತಣ ಸಲಹೆಗಾರರ ಮುಂದೆ ಇನ್ನೊಂದು ಕರೆ ಕಾದಿರುತ್ತದೆ.